ಮೂಗಿನ ಮೇಲ್ಛಾವಣಿ ದಾಟಿ: ರವದಿಯ ಹೊಗೆ ಮಿದುಳು ಸೇರುವ ಹಾದಿ

ನಾಯಿಯ ವಿಷಯದಲ್ಲಿ ಮುಧೋಳದವರಿಗೆ ಹೊರಗಿನವರು ಹೇಳಿಕೊಡುವಂಥದ್ದು ಏನೂ ಇಲ್ಲ. ಉದ್ದ ಕಾಲು, ಒಳಸರಿದ ಹೊಟ್ಟೆ, ಗಾಳಿ ಸೀಳಿಕೊಂಡು ಓಡುವ ಓಟ. ಆ ಬೇಟೆನಾಯಿಯನ್ನು ಘೋರ್ಪಡೆ ಅರಸರು ಅಕ್ಕರೆಯಿಂದ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. ಪಕ್ಕದ ತಿಮ್ಮಾಪುರದಲ್ಲಿ ಅದಕ್ಕೆಂದೇ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಹಾಗಾಗಿ ಈ ಕಥೆಯನ್ನೂ ನಾಯಿಯಿಂದಲೇ ಶುರು ಮಾಡುತ್ತೇನೆ. ಅದು ನಡೆದದ್ದು ಮಾತ್ರ ಭೂಮಿಯ ಆ ಮಗ್ಗುಲಲ್ಲಿ, ಮೆಕ್ಸಿಕೊ ನಗರದಲ್ಲಿ.

ಅಲ್ಲಿ ಮುದಿ ನಾಯಿಗಳು ಸಾಕಿದವರನ್ನೇ ಮರೆಯತೊಡಗಿದ್ದವು! ತಮ್ಮ ಓಣಿಯಲ್ಲೇ ದಿಕ್ಕು ತಪ್ಪುತ್ತಿದ್ದವು, ಅನ್ನ ಹಾಕಿದ ಕೈಯನ್ನೇ ಗುರುತಿಸದೆ ನಿಲ್ಲುತ್ತಿದ್ದವು. ಬೆಟ್ಟಗಳು ಸುತ್ತುಗಟ್ಟಿದ ತಗ್ಗಿನಲ್ಲಿ ಕೂತಿರುವ ಊರು ಅದು. ಹೊಗೆ ಹೊರಹೋಗಲು ದಾರಿಯಿಲ್ಲ. 1992ರಲ್ಲಿ ವಿಶ್ವಸಂಸ್ಥೆ ಅದನ್ನು ಜಗತ್ತಿನ ಅತ್ಯಂತ ಕೆಟ್ಟ ಗಾಳಿಯ ನಗರ ಎಂದು ಹೆಸರಿಸಿತ್ತು. ನಾಯಿಗೂ ವಯಸ್ಸಾಗುತ್ತದೆ, ಮರೆವು ಬರುತ್ತದೆ ಎಂದು ಜನ ಸುಮ್ಮನಿರಬಹುದಿತ್ತು. ಲಿಲಿಯನ್ ಕಾಲ್ಡೆರಾನ್-ಗಾರ್ಸಿಡ್ಯುಯೆನ್ಯಾಸ್ ಎಂಬ ವೈದ್ಯೆ ಸುಮ್ಮನಿರಲಿಲ್ಲ. ಸತ್ತ ನಾಯಿಗಳ ಮಿದುಳನ್ನು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹೋಲಿಸಿ ನೋಡಲು ಗಾಳಿ ಇನ್ನೂ ಚೊಕ್ಕವಾಗಿದ್ದ ತ್ಲಾಸ್ಕಾಲಾ ಎಂಬ ಕಡೆಯ ನಾಯಿಗಳನ್ನು ಆರಿಸಿಕೊಂಡರು.

2002 ಮತ್ತು 2003ರಲ್ಲಿ ಅವರು ಪ್ರಕಟಿಸಿದ್ದನ್ನು ಓದುವಾಗ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನಗರದ ನಾಯಿಗಳ ಮಿದುಳಿನಲ್ಲಿ ಉರಿಯೂತ. ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯಲ್ಲಿ ಬಿರುಕು. ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಕಾಣುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಮಚ್ಚೆಗಳು. ಅದೂ ಮುದಿ ನಾಯಿಗಳಲ್ಲಿ ಮಾತ್ರ ಅಲ್ಲ: ಉರಿಯೂತದ ಮೊದಲ ಗುರುತುಗಳು ಹುಟ್ಟಿ ಕೆಲವೇ ವಾರಗಳಾದ ಮರಿಗಳಲ್ಲಿ ಆಗಲೇ ಮೂಡಿದ್ದವು! ತ್ಲಾಸ್ಕಾಲಾದ ನಾಯಿಗಳಲ್ಲಿ ಇಂಥ ಪಾಡು ಇರಲಿಲ್ಲ. ಕೆಟ್ಟ ಗಾಳಿ ಎಂದರೆ ಕೆಮ್ಮು, ದಮ್ಮು, ಎದೆನೋವು ಎಂದುಕೊಂಡಿದ್ದ ವೈದ್ಯಲೋಕಕ್ಕೆ ಒಂದು ನಾಯಿಯ ತಲೆಯೊಳಗೆ ಬೇರೆಯದೇ ಬಾಗಿಲು ತೆರೆದಿತ್ತು.

ಬಾಗಿಲು ಎಂದೆ. ಆ ಬಾಗಿಲು ಎಲ್ಲಿದೆ ಗೊತ್ತೇ? ನಿಮ್ಮ ಮೂಗಿನ ಮೇಲ್ಛಾವಣಿಯಲ್ಲಿ!

ಮಿದುಳನ್ನು ದೇಹ ಎಷ್ಟು ಜತನದಿಂದ ಕಾಯುತ್ತದೆ ನೋಡಿ. ಸುತ್ತ ಗಟ್ಟಿ ಮೂಳೆ, ಒಳಗೆ ಮೂರು ಪೊರೆ, ನಡುವೆ ನೀರು, ರಕ್ತನಾಳಗಳ ಗೋಡೆಗಳಿಗೂ ಬಿಗಿ ಬೆಸುಗೆ. ಇಷ್ಟೆಲ್ಲ ಭದ್ರತೆಯ ನಡುವೆ ಒಂದೇ ಒಂದು ಜಾಗದಲ್ಲಿ ಮಿದುಳಿಗೆ ಸೇರಿದ ನರಗಳು ಹೊರಗಿನ ಗಾಳಿಗೆ ನೇರವಾಗಿ ತೆರೆದುಕೊಂಡಿವೆ. ಮೂಗಿನ ತುತ್ತತುದಿಯಲ್ಲಿ, ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ, ಹಿಟ್ಟು ಸೋಸುವ ಸಾಣಿಗೆಯಂತೆ ತೂತು ತೂತಾದ ಒಂದು ತೆಳ್ಳನೆಯ ಮೂಳೆಯಿದೆ. ಆ ತೂತುಗಳ ಮೂಲಕ ವಾಸನೆಯ ನರಗಳು ಕೆಳಗಿಳಿದು ಮೂಗಿನ ಒಳಪದರದಲ್ಲಿ ತುದಿ ಚಾಚಿ ನಿಂತಿವೆ. ಮೊದಲ ಮಳೆಗೆ ಎರೆಮಣ್ಣಿನಿಂದೇಳುವ ಕಂಪು, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಘಮ, ತವೆಯ ಮೇಲೆ ಉಬ್ಬುವ ಜೋಳದ ರೊಟ್ಟಿಯ ವಾಸನೆ, ಎಲ್ಲವೂ ನಮ್ಮನ್ನು ಮುಟ್ಟುವುದು ಈ ದಾರಿಯಿಂದ. ನಾವು ವಾಸನೆ ನೋಡುವಾಗ ಮಿದುಳಿನ ಒಂದು ತುದಿ ಗಾಳಿಯನ್ನು ಮುಟ್ಟಿ ನೋಡುತ್ತಿರುತ್ತದೆ!

ಈ ದಾರಿಯ ಸುಳಿವು ವಿಜ್ಞಾನಿಗಳಿಗೆ ಸಿಕ್ಕದ್ದು ಇನ್ನೂ ಹಿಂದೆ, 1930ರ ದಶಕದಲ್ಲಿ, ಪೋಲಿಯೊ ಕಾಲದಲ್ಲಿ. ಮಂಗಗಳ ಮೂಗಿಗೆ ವೈರಸ್ ಹಾಕಿದರೆ ಅದು ವಾಸನೆಯ ನರ ಹಿಡಿದು ಮಿದುಳು ಸೇರುತ್ತಿತ್ತು. ಹಾಗಾದರೆ ಆ ದಾರಿಯನ್ನೇ ಮುಚ್ಚಿಬಿಡೋಣ ಎಂದು 1937ರಲ್ಲಿ ಕೆನಡಾದ ಟೊರೊಂಟೊದಲ್ಲಿ ಸಾವಿರಾರು ಮಕ್ಕಳ ಮೂಗಿಗೆ ಸತುವಿನ ಲವಣದ ದ್ರಾವಣ ಸಿಂಪಡಿಸಿದರು. ಪೋಲಿಯೊ ನಿಲ್ಲಲಿಲ್ಲ, ಕೆಲವು ಮಕ್ಕಳು ವಾಸನೆಯನ್ನೇ ಕಳೆದುಕೊಂಡರು. ಮನುಷ್ಯರಿಗೆ ಪೋಲಿಯೊ ಹರಡುವುದು ಬಾಯಿಂದ ಎಂದು ಆಮೇಲೆ ತಿಳಿಯಿತು. ಮೂಗಿನಿಂದ ಮಿದುಳಿಗೊಂದು ಹಾದಿ ಇದೆ ಎಂಬ ತಿಳಿವಳಿಕೆ ಮಾತ್ರ ಉಳಿಯಿತು, ಪುಸ್ತಕದ ಮೂಲೆಯಲ್ಲಿ, ದಶಕಗಳ ಕಾಲ.

2004ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಗುಂಟರ್ ಒಬರ್‌ಡಾರ್ಸ್ಟರ್ ಮತ್ತು ಜೊತೆಗಾರರು ಇಲಿಗಳಿಗೆ ಇಂಗಾಲದ ಅತಿ ಸಣ್ಣ ಕಣಗಳಿರುವ ಗಾಳಿ ಉಸಿರಾಡಿಸಿದರು. ಆಮೇಲೆ ಎಲ್ಲಿ ಹೋದವು ಎಂದು ಪತ್ತೆ ಹಚ್ಚಲು ಆ ಕಣಗಳನ್ನು ಇಂಗಾಲ-13 ಎಂಬ ಅಪರೂಪದ ಬಗೆಯ ಇಂಗಾಲದಿಂದ ಮಾಡಿದ್ದರು. ಕಣದ ಗಾತ್ರ ನಮ್ಮ ತಲೆಗೂದಲಿನ ದಪ್ಪದ ಸುಮಾರು ಎರಡು ಸಾವಿರದಲ್ಲೊಂದು ಪಾಲು. ಉಸಿರಾಡಿದ್ದು ಕೆಲವೇ ತಾಸು. ಮುಂದಿನ ಏಳು ದಿನಗಳಲ್ಲಿ ಶ್ವಾಸಕೋಶದಲ್ಲಿದ್ದ ಕಣಗಳು ಕಡಿಮೆಯಾಗುತ್ತ ಬಂದವು. ಮಿದುಳಿನ ಮುಂಭಾಗದಲ್ಲಿ ವಾಸನೆ ಗ್ರಹಿಸುವ ಗಡ್ಡೆಯಲ್ಲಿ ಮಾತ್ರ ದಿನದಿಂದ ದಿನಕ್ಕೆ ಹೆಚ್ಚುತ್ತ ಹೋದವು! ಸಾಣಿಗೆಯ ತೂತುಗಳಿಂದ ಮಸಿ ಮೇಲೇರುತ್ತಿತ್ತು.

ಇನ್ನು ನಮ್ಮ ಕಡೆ ಬರೋಣ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಚಿಕ್ಕಸಂಗಮದಲ್ಲಿ ಅವೆರಡೂ ಕೂಡುವವರೆಗೆ ನಡುವೆ ಹರಡಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆ ಎಂದರೆ ಕಬ್ಬಿನ ಸೀಮೆ. ದೀಪಾವಳಿಯ ಆಸುಪಾಸಿನಲ್ಲಿ ಹಂಗಾಮು ಶುರುವಾದರೆ ಸಮೀರವಾಡಿ, ಉತ್ತೂರು, ಸಿದ್ದಾಪುರ, ಹಿರೇಪಡಸಲಗಿ, ಬಾಡಗಂಡಿಯ ಸಕ್ಕರೆ ಕಾರ್ಖಾನೆಗಳ ದಾರಿಗಳಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರುಗಳು. ಮಹಾಲಿಂಗಪುರದ ಪೇಟೆಗೆ ಬೆಲ್ಲದ ಪೆಂಟಿಗಳು ಬಂದು ಬೀಳುತ್ತವೆ. ಗಾಣದ ಮನೆಗಳ ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆಯನ್ನು ತುರುಕುತ್ತಲೇ ಇರಬೇಕು. ಕಟಾವಿನ ಗ್ಯಾಂಗು ಕಬ್ಬು ಕಡಿದು ಮುಂದಿನ ಹೊಲಕ್ಕೆ ಹೋದ ಮೇಲೆ ನೆಲದ ಮೇಲೆ ಉಳಿಯುವುದು ರವದಿ, ಒಣಗಿದ ಕಬ್ಬಿನ ಎಲೆಯ ದಪ್ಪ ಹಾಸು. ಎಕರೆಗೆ ಮೂರ್ನಾಲ್ಕು ಟನ್. ಸಂಜೆ ಒಂದು ಮೂಲೆಗೆ ಕಡ್ಡಿ ಗೀರಿದರೆ ಸಾಕು, ಚಟಚಟ ಸದ್ದಿನೊಡನೆ ಹೊಲಕ್ಕೆ ಹೊಲವೇ ಕೆಂಪಾಗಿ, ಅರ್ಧ ತಾಸಿನಲ್ಲಿ ಕಪ್ಪಾಗಿ ಮಲಗುತ್ತದೆ.

ಆ ಹೊತ್ತಿಗೆ ಕರಿ ಎಸಳುಗಳು ಗಾಳಿಯಲ್ಲಿ ತೇಲುತ್ತ ಬಂದು ಅಂಗಳದ ರಂಗೋಲಿ ಮೇಲೆ, ಒಣಹಾಕಿದ ಅರಿವೆಯ ಮೇಲೆ, ಕುಡಿಯುವ ನೀರಿನ ಕೊಡದ ಮೇಲೆ ಇಳಿಯುವುದನ್ನು ಈ ಸೀಮೆಯ ಎಲ್ಲರೂ ಕಂಡಿದ್ದಾರೆ. ಬೈದು, ಝಾಡಿಸಿ, ಒಗೆದು ಮುಗಿಸುತ್ತಾರೆ. ಈ ಹುಡುಕಾಟದಲ್ಲಿ ನನ್ನನ್ನು ಅತ್ಯಂತ ಬೆಚ್ಚಿಬೀಳಿಸಿದ ಸಂಗತಿ ಇಲ್ಲಿದೆ: ಕಣ್ಣಿಗೆ ಕಾಣುವ ಆ ಕರಿ ಎಸಳಿಗೆ ಮಿದುಳಿನವರೆಗೆ ಹೋಗುವ ಶಕ್ತಿಯೇ ಇಲ್ಲ! ಅದು ಮೂಗಿನ ಕೂದಲಿಗೆ, ಸಿಂಬಳಕ್ಕೆ ಸಿಕ್ಕಿ ನಿಂತುಬಿಡುತ್ತದೆ. ಅರಿವೆಗೆ ಕಲೆ ಮಾಡುವ ಕೆಲಸವಷ್ಟೇ ಅದರದ್ದು. ಅದೇ ಬೆಂಕಿಯಿಂದ ಎದ್ದು, ಕಣ್ಣಿಗೆ ಕಾಣದೆ, ಬೂದಿಯೆಲ್ಲ ಇಳಿದ ಮೇಲೂ ಗಾಳಿಯಲ್ಲಿ ಉಳಿಯುವ ಕಣಗಳೇ ಬೇರೆ. ಎಲೆ, ಕಟ್ಟಿಗೆ ಸುಟ್ಟಾಗ ಏಳುವ ಹೊಗೆಯ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತ, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಸಣ್ಣವು. ಪಿಎಂ 2.5 ಎಂದು ಹವಾಮಾನ ಸುದ್ದಿಯಲ್ಲಿ ಕೇಳುತ್ತೇವಲ್ಲ, 2.5 ಮೈಕ್ರಾನು ಮತ್ತು ಅದಕ್ಕಿಂತ ಸಣ್ಣ ಕಣಗಳ ಲೆಕ್ಕ, ಆ ಗುಂಪಿನ ಒಳಗೂ ಇವು ಕಿರಿಯರಲ್ಲಿ ಕಿರಿಯವು. ಅಂಗಳ ಗುಡಿಸಿ ಮನೆ ಚೊಕ್ಕವಾಯಿತು ಎಂದು ತಾಯಿ ನಿಟ್ಟುಸಿರು ಬಿಡುವಾಗ ಆ ಉಸಿರಿನ ಜೊತೆಗೇ ಅವು ಒಳಹೋಗಿರುತ್ತವೆ.

ಚಳಿಗಾಲ ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಮಾಗಿಯ ರಾತ್ರಿ ನೆಲ ಬೇಗ ತಣಿಯುತ್ತದೆ, ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ತಣ್ಣನೆಯ ಭಾರವಾದ ಗಾಳಿ ಕೆಳಗೆ ಮಲಗಿಬಿಡುವುದರಿಂದ ಹೊಗೆ ಮೇಲೇಳಲಾರದು. ಹೊಳೆಸಾಲಿನ ಹಳ್ಳಿಗಳಲ್ಲಿ ಮುಂಜಾನೆ ಆಳೆತ್ತರಕ್ಕೆ ಅಡ್ಡಡ್ಡ ಹರಡಿ ನಿಂತ ಹೊಗೆಯ ಪದರ ನೀವು ನೋಡಿರಬಹುದು. ಬಸ್ಸಿಗೆ ಕಾಯುವ ಮಕ್ಕಳು ನಿಂತಿರುವುದು ಅದೇ ಎತ್ತರದಲ್ಲಿ.

ಬನಹಟ್ಟಿ, ರಬಕವಿಯ ಮಗ್ಗದ ಮನೆಗಳಲ್ಲಿ ನೂಲಿನ ಧೂಳು ಬೇರೆ ಇದೆ. ಅದು ನೇಕಾರರ ಎದೆಯನ್ನು ಹಿಂಡುವ ಪಾಡು ಹಳೆಯದು, ವೈದ್ಯರಿಗೆ ಗೊತ್ತಿರುವುದು. ಹತ್ತಿಯ ಎಳೆ ದೊಡ್ಡದು, ಅದರ ಕಾಟ ಪುಪ್ಪುಸಕ್ಕೆ. ನಾನು ಇಲ್ಲಿ ಬೆನ್ನು ಹತ್ತಿರುವುದು ಹೊಗೆಯನ್ನು.

ಮೆಕ್ಸಿಕೊದ ವೈದ್ಯೆ ಕಾಲ್ಡೆರಾನ್ ನಾಯಿಗಳಲ್ಲೇ ನಿಲ್ಲಲಿಲ್ಲ. 2008ರಲ್ಲಿ ಮೆಕ್ಸಿಕೊ ನಗರದ ಆರೋಗ್ಯವಂತ ಮಕ್ಕಳ ಮಿದುಳಿನ ಎಂಆರ್‌ಐ ಚಿತ್ರ ತೆಗೆಸಿದರು. 23 ಮಕ್ಕಳಲ್ಲಿ 13 ಮಂದಿಗೆ, ಅಂದರೆ ಶೇ 56.5ಕ್ಕೆ, ಹಣೆಯ ಹಿಂದಿನ ಭಾಗದಲ್ಲಿ ಬಿಳಿ ಚುಕ್ಕೆಗಳಂಥ ಗಾಯದ ಗುರುತು! ಅದೇ ನಗರದ ನಾಯಿಗಳಲ್ಲಿ ಶೇ 57. ಯೋಚಿಸುವುದು, ಗಮನ ಹಿಡಿದಿಡುವುದು, ಲೆಕ್ಕ ಬಿಡಿಸುವಾಗ ಹಿಂದಿನ ಹೆಜ್ಜೆಯನ್ನು ನೆನಪಿಟ್ಟುಕೊಳ್ಳುವುದು, ಎಲ್ಲ ನಡೆಯುವುದು ಆ ಹಣೆಯ ಹಿಂದೆಯೇ. ಇದು ಸಣ್ಣ ಗುಂಪಿನ ಅಧ್ಯಯನ, ನಿಜ. ಆದರೆ ಇದಾದ ಮೇಲೆ ಬಂದವು ಸಣ್ಣವಲ್ಲ.

ಬಾರ್ಸಿಲೋನಾದಲ್ಲಿ ಜೋರ್ಡಿ ಸುನ್ಯೇರ್ ತಂಡ 39 ಶಾಲೆಗಳ ಎರಡೂವರೆ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಂದು ವರ್ಷ ಹಿಂಬಾಲಿಸಿತು. ಫಲಿತಾಂಶ 2015ರಲ್ಲಿ ಬಂತು. ಗಾಳಿ ಚೊಕ್ಕವಿದ್ದ ಶಾಲೆಗಳಲ್ಲಿ ಮಕ್ಕಳ ಕ್ರಿಯಾಸ್ಮರಣೆ, ಅಂದರೆ ಬಾಯಿಲೆಕ್ಕ ಮಾಡುವಾಗ ಅಂಕಿಗಳನ್ನು ತಲೆಯಲ್ಲಿ ಹಿಡಿದುಕೊಳ್ಳುವ ಶಕ್ತಿ, ಆ ಹನ್ನೆರಡು ತಿಂಗಳಲ್ಲಿ ಶೇ 11.5ರಷ್ಟು ಬೆಳೆದಿತ್ತು. ಹೊಗೆ ಹೆಚ್ಚಿದ್ದ ಶಾಲೆಗಳಲ್ಲಿ ಶೇ 7.4 ಮಾತ್ರ. ಮಕ್ಕಳು ಬೆಳೆಯುತ್ತಲೇ ಇದ್ದರು, ಬೆಳೆಯುವ ವೇಗ ಕುಗ್ಗಿತ್ತು. ತರಗತಿಯಲ್ಲಿ ಯಾವ ಮಾಸ್ತರರಿಗೂ ಇದು ಕಾಣುವುದಿಲ್ಲ. ದಡ್ಡ ಎಂದು ಹೆಸರಿಡುತ್ತಾರೆ, ಮುಂದೆ ಹೋಗುತ್ತಾರೆ. ಎಷ್ಟು ಮಕ್ಕಳ ಬೆನ್ನಿಗೆ ನಾವು ಹಾಗೆ ಏಟು ಹಾಕಿದ್ದೇವೋ ಎಂದು ನೆನೆದರೆ ಸಂಕಟವಾಗುತ್ತದೆ.

ಮತ್ತೆ 2016. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಮಾಹರ್ ಮೂಲತಃ ಕಲ್ಲು ಮಣ್ಣಿನ ಕಾಂತಶಕ್ತಿ ಅಳೆಯುವವರು. ಅವರು ಮೆಕ್ಸಿಕೊ ನಗರ ಮತ್ತು ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡ 37 ಜನರ ಮಿದುಳಿನ ತುಣುಕುಗಳನ್ನು ಪರೀಕ್ಷಿಸಿದರು. ಒಳಗೆ ಸಿಕ್ಕಿದ್ದು ಮ್ಯಾಗ್ನೆಟೈಟ್, ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡು! ದೇಹವೇ ತಯಾರಿಸುವ ಮ್ಯಾಗ್ನೆಟೈಟ್ ಹರಳು ಚೂಪು ಅಂಚಿನದು. ಇವು ಗುಂಡಗೆ, ನುಣ್ಣಗೆ, ಮೇಲ್ಮೈ ಕರಗಿ ಮತ್ತೆ ಗಟ್ಟಿಯಾದ ಹಾಗಿದ್ದವು. ಅಂಥ ಗುಂಡುಗಳು ಹುಟ್ಟುವುದು ಎಂಜಿನ್ನಿನಲ್ಲಿ, ಉಜ್ಜುವ ಬ್ರೇಕಿನಲ್ಲಿ, ಕುಲುಮೆಯಲ್ಲಿ, ಎಲ್ಲಿ ಕಾವು ವಿಪರೀತವೋ ಅಲ್ಲಿ. ಯಾವುದೋ ರಸ್ತೆಯ ಬೆಂಕಿಯಲ್ಲಿ ಹುಟ್ಟಿದ ಲೋಹದ ಕಣ ಒಬ್ಬ ಮನುಷ್ಯನ ನೆನಪುಗಳ ನಡುವೆ ಹೋಗಿ ಕೂತಿತ್ತು. ಅದೊಂದೇ ಮರೆಗುಳಿ ರೋಗ ತರುತ್ತದೆಯೇ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ. ಅದು ಅಲ್ಲಿಗೆ ತಲುಪುತ್ತದೆ ಎಂಬುದೇ ನನ್ನನ್ನು ಮೂಕನನ್ನಾಗಿಸಿತು.

ಮೂಗಿನ ದಾರಿ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೆಲವು ಕಣಗಳು ಪುಪ್ಪುಸದಿಂದ ರಕ್ತಕ್ಕೆ ಇಳಿದು ಮೇಲೇರುತ್ತವೆ. ಕಣ ಮೇಲೆ ಹೋಗದಿದ್ದರೂ ಪುಪ್ಪುಸದಲ್ಲಿ ಹುಟ್ಟಿದ ಉರಿಯೂತದ ರಾಸಾಯನಿಕ ಸಂದೇಶಗಳು ರಕ್ತದಲ್ಲಿ ಹರಿದು ಮಿದುಳಿಗೆ ಮುಟ್ಟುತ್ತವೆ. ಅಲ್ಲಿ ಮೈಕ್ರೊಗ್ಲಿಯಾ ಎಂಬ ಜೀವಕೋಶಗಳಿವೆ. ಸತ್ತದ್ದನ್ನು ತೆಗೆದು, ಬೇಡದ ನರಜೋಡಣೆಗಳನ್ನು ಸವರಿ, ಮಿದುಳನ್ನು ಓರಣವಾಗಿಡುವುದು ಅವುಗಳ ನಿತ್ಯದ ಕೆಲಸ. ಹೊಗೆಯ ಸುದ್ದಿ ತಿಂಗಳುಗಟ್ಟಲೆ ಬರುತ್ತಲೇ ಇದ್ದರೆ ಅವು ಕೆರಳಿ ನಿಲ್ಲುತ್ತವೆ, ಬೇಕಾದ ಜೋಡಣೆಗಳನ್ನೂ ಕೆಡವತೊಡಗುತ್ತವೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು ದೇಹಕ್ಕೆ ಬೇಕಾಗುವ ಆಮ್ಲಜನಕದ ಸುಮಾರು ಶೇ 20ರಷ್ಟನ್ನು ಬಳಸಿಕೊಳ್ಳುತ್ತದೆ. ಗಾಳಿಯನ್ನು ಇಷ್ಟು ನೆಚ್ಚಿಕೊಂಡ ಅಂಗಕ್ಕೆ ಗಾಳಿ ಕೆಟ್ಟರೆ ತಟ್ಟದಿರುತ್ತದೆಯೇ!

ಹೀಗೆ ತಟ್ಟುವುದು ವರ್ಷಗಳ ಲೆಕ್ಕದಲ್ಲಿ ಎಂದು ನಾನು ಭಾವಿಸಿದ್ದೆ. ಅಷ್ಟರಲ್ಲಿ ಚದುರಂಗದ ಅಧ್ಯಯನವೊಂದು ಕಣ್ಣಿಗೆ ಬಿತ್ತು. ಜರ್ಮನಿಯಲ್ಲಿ ಚದುರಂಗದ ಪಂದ್ಯಗಳು ನಡೆದ ಕೋಣೆಯಲ್ಲೇ ಗಾಳಿ ಅಳೆಯುವ ಉಪಕರಣ ಇಟ್ಟು, ಆಟಗಾರರ ಸುಮಾರು ಮೂವತ್ತು ಸಾವಿರ ನಡೆಗಳನ್ನು ಕಂಪ್ಯೂಟರಿನಿಂದ ತಿದ್ದಿಸಿದರು. ಒಂದು ಘನಮೀಟರ್ ಗಾಳಿಯಲ್ಲಿ ಪಿಎಂ 2.5 ಹತ್ತು ಮೈಕ್ರೊಗ್ರಾಂ ಹೆಚ್ಚಿದಾಗ ಆಟಗಾರ ತಪ್ಪು ನಡೆ ಇಡುವ ಸಂಭವ 2.1 ಶೇಕಡಾ ಅಂಶದಷ್ಟು ಏರಿತು. ಅದೇ ಕೋಣೆ, ಅದೇ ಹೊತ್ತು! ಭಾರತದಲ್ಲಿ ಇಡೀ ದಿನದ ಸರಾಸರಿಗೆ ಕಾನೂನು ಒಪ್ಪುವ ಮಿತಿ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಅಲ್ಲಿಂದ ಮುಂದೆ ಸಿಕ್ಕಿದ್ದು ಈ ಬರಹದ ಜೀವ. ಚೀನಾದ ಗೋಧಿ ಸೀಮೆಯಲ್ಲಿ ಜೂನ್ ಎಂದರೆ ಒಕ್ಕಲಿ ಮುಗಿದು ಹುಲ್ಲು ಸುಡುವ ತಿಂಗಳು. ಅದೇ ತಿಂಗಳು ಅಲ್ಲಿನ ಮಕ್ಕಳ ಬದುಕನ್ನೇ ನಿರ್ಧರಿಸುವ ಕಾಲೇಜು ಪ್ರವೇಶ ಪರೀಕ್ಷೆ. ಹೊಲ ಸುಡುವುದರಿಂದ ಅಂಕ ಕಡಿಮೆಯಾಗುತ್ತದೆಯೇ ಎಂದು ತಿಳಿಯುವುದು ಹೇಗೆ? ಹೊಲ ಸುಡುವ ಊರುಗಳು ಬಡ ಊರುಗಳಿರಬಹುದು, ಅಂಕ ಕಡಿಮೆಯಾಗಲು ಬಡತನವೇ ಕಾರಣವಿರಬಹುದು. ಸಂಶೋಧಕರು ಗಾಳಿಯ ದಿಕ್ಕನ್ನೇ ಸಾಕ್ಷಿಗೆ ಕರೆದರು! ಪರೀಕ್ಷೆ ನಡೆದ ಊರಿನ ಸುತ್ತ ಹೊತ್ತಿದ ಬೆಂಕಿಗಳನ್ನು ಉಪಗ್ರಹದ ಚಿತ್ರಗಳಿಂದ ಎಣಿಸಿ ಎರಡು ಭಾಗ ಮಾಡಿದರು: ಗಾಳಿ ಬರುವ ಕಡೆಯ ಬೆಂಕಿ, ಗಾಳಿ ಹೋಗುವ ಕಡೆಯ ಬೆಂಕಿ. ಊರು ಅದೇ, ಬೆಳೆ ಅದೇ, ಬಡತನ ಸಿರಿತನ ಅದೇ. ವ್ಯತ್ಯಾಸವಿರುವುದು ಹೊಗೆ ಪರೀಕ್ಷಾ ಕೋಣೆಗೆ ಬಂತೋ ಇಲ್ಲವೋ ಎಂಬುದರಲ್ಲಷ್ಟೇ. 2020ರಲ್ಲಿ ಪ್ರಕಟವಾದ ಉತ್ತರ ಸ್ಪಷ್ಟವಾಗಿತ್ತು. ಗಾಳಿ ಬರುವ ಕಡೆ ಬೆಂಕಿ ಹೆಚ್ಚಿದ್ದಲ್ಲಿ ಅಂಕ ಇಳಿದಿತ್ತು. 750 ಅಂಕಗಳ ಪರೀಕ್ಷೆಯಲ್ಲಿ ಸರಾಸರಿ ಇಳಿತ ಒಂದು ಅಂಕವೂ ಅಲ್ಲ, 0.6ರಷ್ಟು. ಆದರೂ ಅಷ್ಟಕ್ಕೇ ಮೊದಲ ದರ್ಜೆಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವ ಸಂಭವ ಕುಗ್ಗಿದ್ದನ್ನು ಅಳೆಯಲಾಯಿತು. ಇಸ್ರೇಲಿನ ಪ್ರೌಢಶಾಲಾ ಪರೀಕ್ಷೆಗಳನ್ನು ಪರಿಶೀಲಿಸಿದ ಇನ್ನೊಂದು ತಂಡ 2016ರಲ್ಲೇ ತೋರಿಸಿತ್ತು: ಪರೀಕ್ಷೆಯ ದಿನ ಗಾಳಿ ಕೆಟ್ಟಿದ್ದರೆ ಅಂಕ ಇಳಿಯುತ್ತದೆ, ಆ ಮಕ್ಕಳು ಬೆಳೆದು ದುಡಿಯುವಾಗ ಅವರ ಗಳಿಕೆಯಲ್ಲೂ ಆ ಇಳಿತದ ನೆರಳು ಇರುತ್ತದೆ.

ಈಗ ಕ್ಯಾಲೆಂಡರ್ ತೆಗೆಯಿರಿ. ನಮ್ಮ ಹಂಗಾಮು ಮುಗಿಯುತ್ತ ಬರುವುದು ಯಾವಾಗ? ಕೊನೆಯ ಹೊಲಗಳ ಕಟಾವಾಗಿ, ಕುಳೆ ಬೆಳೆಗೆ ನೀರು ಬಿಡುವ ಅವಸರದಲ್ಲಿ ರವದಿಗೆ ಬೆಂಕಿ ಬೀಳುವುದು ಯಾವಾಗ? ಫೆಬ್ರುವರಿ, ಮಾರ್ಚ್. ಪಿಯುಸಿ, ಎಸ್ಸೆಸ್ಸೆಲ್ಸಿ ಮಕ್ಕಳು ಪೆನ್ನು ಹಿಡಿದು ಕೂರುವುದು ಯಾವಾಗ? ಮಾರ್ಚ್! ಗಣಿತದ ಪ್ರಶ್ನೆಪತ್ರಿಕೆಯ ಎದುರು ಬೆವರುವ ಹುಡುಗಿಯ ಅಪ್ಪ ಅದೇ ವಾರ ಪಕ್ಕದ ಹೊಲದಲ್ಲಿ ರವದಿಗೆ ಕಡ್ಡಿ ಗೀರುತ್ತಿರಬಹುದು. ಅವಳನ್ನು ಓದಿಸಲೆಂದೇ ಕಬ್ಬು ಬೆಳೆದ ಅಪ್ಪ ಅವರು. ಈ ಎರಡನ್ನೂ ಒಟ್ಟಿಗೆ ನೋಡಿದ ಮೇಲೆ ನನಗೆ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ.

ಇದು ಮಕ್ಕಳ ಮಾತಾಯಿತು. ಹಿರಿಯರ ಮಾತಿಗೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಸಾವಿರಾರು ಜನರನ್ನು ವರ್ಷಗಳಿಂದ ಹಿಂಬಾಲಿಸುತ್ತಿದ್ದಾರೆ. ಹೆಸರು ನೆನಪಿಡುವುದು, ಚಿತ್ರ ಗುರುತಿಸುವುದು, ಲೆಕ್ಕ, ಗಮನ, ಎಲ್ಲವನ್ನೂ ಹಳ್ಳಿಯವರ ಮಾತಿನಲ್ಲೇ ಪರೀಕ್ಷಿಸುತ್ತಾರೆ. ಆ ಅಧ್ಯಯನದಿಂದ 2025ರಲ್ಲಿ ಹೊರಬಂದ ಒಂದು ವರದಿ ಅಡುಗೆಮನೆಯ ಒಲೆಯದು. ನಾಲ್ಕು ಸಾವಿರಕ್ಕೂ ಹೆಚ್ಚು ಜನರಲ್ಲಿ ಕಟ್ಟಿಗೆಯಂಥ ಹೊಗೆಯ ಉರುವಲಿನಲ್ಲಿ ಅಡುಗೆ ಮಾಡುವ ಮನೆಯವರ ಬುದ್ಧಿಶಕ್ತಿಯ ಅಂಕಗಳು ಉಳಿದವರಿಗಿಂತ ಕಡಿಮೆ. ಎಂಆರ್‌ಐ ಮಾಡಿಸಿದವರ ಪೈಕಿ, ಹೊಗೆಯ ಒಲೆಯನ್ನಷ್ಟೇ ನೆಚ್ಚಿದ್ದ ಹೆಂಗಸರಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಗಾತ್ರವೇ ಕುಗ್ಗಿತ್ತು! ಹೊಸ ನೆನಪು ಹುಟ್ಟುವುದು ಆ ಭಾಗದಲ್ಲಿ. ಮರೆಗುಳಿ ರೋಗ ಮೊದಲು ಕೈಯಿಡುವುದೂ ಅದಕ್ಕೇ. ಗಂಡಸರಲ್ಲಿ ಕಾಣದ್ದು ಹೆಂಗಸರಲ್ಲಿ ಕಂಡದ್ದೇಕೆ ಎಂದು ಯಾರಿಗಾದರೂ ಬಿಡಿಸಿ ಹೇಳಬೇಕೇ? ಒಲೆಯ ಮುಂದೆ ಕೂತವರು ಯಾರು?

ನಮ್ಮ ಸೀಮೆಯ ಅಡುಗೆಮನೆಗಳಿಗೂ ಗ್ಯಾಸ್ ಬಂದಿದೆ. ಆದರೆ ರೊಟ್ಟಿ ಒಲೆಯ ಮೇಲೆ ಬೆಂದರೇ ರುಚಿ ಎನ್ನುವ ಮನೆಗಳು ಕಡಿಮೆಯಿಲ್ಲ. ಹತ್ತಿಕಟ್ಟಿಗೆ, ಕುಳ್ಳು, ಒಣ ರವದಿ, ಊದುಗೊಳವೆ. ಅವ್ವ, ಅಜ್ಜಿ, ಚಿಕ್ಕವ್ವ ದಿನಕ್ಕೆ ನಲವತ್ತು ಐವತ್ತು ರೊಟ್ಟಿ ಬಡಿದ ಆ ಮೂಲೆಯಲ್ಲಿ ಗೋಡೆ ಕಪ್ಪಾಗಿರುವುದನ್ನು ನಾವು ನೋಡುತ್ತ ಬೆಳೆದೆವು. ಅಜ್ಜಿಗೆ ಅರಳು ಮರಳು ಎಂದು ನಗುತ್ತ ಹೇಳುತ್ತ ಬೆಳೆದೆವು. ಈ ಎರಡು ಮಾತುಗಳ ನಡುವೆ ನಂಟಿರಬಹುದೆಂದು ಎಂದೂ ಹೊಳೆಯಲಿಲ್ಲ.

ಜಗತ್ತಿನ ವೈದ್ಯರು ಒಪ್ಪಿಕೊಂಡದ್ದೂ ಇತ್ತೀಚೆಗೇ. ಮರೆಗುಳಿ ರೋಗದ ಬಗ್ಗೆ ಲ್ಯಾನ್ಸೆಟ್ ಪತ್ರಿಕೆ ಕೂಡಿಸಿದ ತಜ್ಞರ ಮಂಡಳಿ, ನಾವು ತಡೆಯಬಹುದಾದ ಕಾರಣಗಳ ಪಟ್ಟಿಗೆ ಕೆಟ್ಟ ಗಾಳಿಯನ್ನು ಸೇರಿಸಿದ್ದು 2020ರಲ್ಲಿ. ಆಗ ಪಟ್ಟಿಯಲ್ಲಿ 12 ಕಾರಣಗಳಿದ್ದವು, 2024ರಲ್ಲಿ 14 ಆದವು. ಅದಕ್ಕೂ ಮೊದಲು, 2017ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ 66 ಲಕ್ಷ ಜನರ ದಾಖಲೆ ನೋಡಿದವರು ದೊಡ್ಡ ರಸ್ತೆಗೆ 50 ಮೀಟರಿನೊಳಗೆ ಮನೆಯಿದ್ದವರಲ್ಲಿ ಮರೆಗುಳಿ ರೋಗ ಶೇ 7ರಷ್ಟು ಹೆಚ್ಚು ಎಂದು ಕಂಡಿದ್ದರು. ಹಾಗಾದರೆ ಇದು ನಗರದವರ ಪಾಡು, ಮೋಟಾರಿನ ಹೊಗೆಯ ಪಾಡು ಎನ್ನುತ್ತೀರಾ? 2023ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಸುಮಾರು 28 ಸಾವಿರ ಹಿರಿಯರ ಮಾಹಿತಿ ಹಿಡಿದು, ಯಾವ ಮೂಲದ ಕಣ ಮರೆವಿಗೆ ಹೆಚ್ಚು ಹತ್ತಿರ ಎಂದು ಬೇರ್ಪಡಿಸಿ ನೋಡಿತು. ಎಲ್ಲಕ್ಕಿಂತ ಗಟ್ಟಿ ನಂಟು ಕಂಡದ್ದು ಕಾಳ್ಗಿಚ್ಚಿನ ಹೊಗೆ ಮತ್ತು ಕೃಷಿಯಿಂದ ಏಳುವ ಕಣಗಳಲ್ಲಿ! ಹಳ್ಳಿಯ ಗಾಳಿ ಸದಾ ಚೊಕ್ಕ ಎಂಬ ನಂಬಿಕೆ ನಮ್ಮಲ್ಲಿ ಬೇರು ಬಿಟ್ಟಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಹೆಸರಿರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳದ್ದು. ಎಲ್ಲ ನಗರಗಳೇ. ನಮ್ಮ ಜಿಲ್ಲೆಯಲ್ಲಿ ಗಾಳಿಯನ್ನು ಗಳಿಗೆ ಗಳಿಗೆಗೂ ಅಳೆಯುವ ಕೇಂದ್ರ ಇರುವುದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಕಬ್ಬಿನ ನಡುವೆ, ಗಾಣದ ಮನೆಗಳ ಓಣಿಯಲ್ಲಿ, ಶಾಲೆಯ ಮಾಳಿಗೆಯ ಮೇಲೆ ಅಂಥದ್ದೊಂದು ಉಪಕರಣ ಬೇಕೇ ಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಇಷ್ಟು ಹೇಳಿ ಹೆದರಿಸಿ ಎದ್ದುಹೋಗಲು ನಾನು ಬರೆಯಲು ಕೂರಲಿಲ್ಲ. ಬೆರಗಿನ ಇನ್ನೊಂದು ಅರ್ಧ ಇನ್ನೂ ಉಳಿದಿದೆ. ಅಮೆರಿಕದಲ್ಲಿ 74 ದಾಟಿದ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ದಶಕದವರೆಗೆ ಗಮನಿಸಿದ ತಂಡ 2022ರಲ್ಲಿ ತೋರಿಸಿದ್ದು ಇದು: ಯಾರ ಊರಿನ ಗಾಳಿ ಹಿಂದಿನ ವರ್ಷಗಳಿಗಿಂತ ಸುಧಾರಿಸಿತ್ತೋ ಅವರಲ್ಲಿ ಮರೆಗುಳಿ ರೋಗದ ಅಪಾಯ ಶೇ 14ರಿಂದ 26ರಷ್ಟು ಇಳಿದಿತ್ತು! ಎಂಬತ್ತರ ಹರೆಯದಲ್ಲಿಯೂ! ಇಡೀ ಬದುಕು ಹೊಗೆ ಕುಡಿದಾಯಿತು, ಇನ್ನೇನು ಎನ್ನುವ ವಯಸ್ಸಿನಲ್ಲಿಯೂ ಗಾಳಿ ತಿಳಿಯಾದರೆ ಮಿದುಳಿಗೆ ಅದು ಗೊತ್ತಾಗುತ್ತದೆ. ನಮ್ಮ ಅಜ್ಜಿಯಂದಿರಿಗೂ ತಡವಾಗಿಲ್ಲ.

ರವದಿಯ ಮಾತಿಗೆ ಬರುತ್ತೇನೆ. ರೈತ ಅದನ್ನು ಸುಡುವುದು ಹಟಕ್ಕಲ್ಲ. ರವದಿ ಬಿದ್ದ ಹೊಲದಲ್ಲಿ ಸಾಲಿನಲ್ಲಿ ನೀರು ಸಲೀಸಾಗಿ ಓಡುವುದಿಲ್ಲ, ಇಲಿ ಹಾವಿನ ಭಯ, ಕೂಲಿಯಾಳು ಸಿಗುವುದಿಲ್ಲ, ಕುಳೆಗೆ ನೀರು ತಡವಾದರೆ ಇಳುವರಿ ಬೀಳುತ್ತದೆ. ಒಂದು ಕಡ್ಡಿಯ ಬೆಂಕಿ ಈ ಎಲ್ಲಕ್ಕೂ ಅಗ್ಗದ ಉತ್ತರ. ಆದರೆ ಆ ಬೆಂಕಿಯಲ್ಲಿ ರವದಿಯೊಳಗಿನ ಸಾರಜನಕ, ಗಂಧಕ ಗಾಳಿಪಾಲಾಗುತ್ತವೆ, ಮೇಲ್ಮಣ್ಣಿನ ಸೂಕ್ಷ್ಮಜೀವಿಗಳು ಬೆಂದುಹೋಗುತ್ತವೆ. ಆಮೇಲೆ ಅದೇ ಸಾರಜನಕವನ್ನು ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಸಾಲು ಬಿಟ್ಟು ಸಾಲಿಗೆ ರವದಿ ಹೊದಿಸಿ, ಉಳಿದ ಸಾಲಿನಲ್ಲಿ ನೀರು ಹಾಯಿಸುವ ರೈತರು ಈಗಾಗಲೇ ಇದ್ದಾರೆ. ಟ್ರ್ಯಾಕ್ಟರಿಗೆ ಕಟ್ಟಿ ರವದಿಯನ್ನು ಪುಡಿ ಮಾಡುವ ಯಂತ್ರಗಳು ಬಂದಿವೆ. ಪುಡಿಯಾದದ್ದು ಬೇಗ ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲದ ತೇವ ಹಿಡಿದಿಡುತ್ತದೆ, ಕಳೆ ಏಳಲು ಬಿಡುವುದಿಲ್ಲ. ಯಂತ್ರ ಎಲ್ಲರ ಕೈಗೆಟಕುವ ಬಾಡಿಗೆಗೆ ಸಿಗುವಂತೆ ಮಾಡುವ ಹೊಣೆ ಮಾತ್ರ ರೈತನೊಬ್ಬನದ್ದಾಗಲಾರದು. ಕಬ್ಬಿನಿಂದ ಬದುಕುವವರೆಲ್ಲರದೂ ಹೌದು.

ಅದೆಲ್ಲ ಆಗಲು ವರ್ಷಗಳು ಹಿಡಿಯಬಹುದು. ಬರುವ ಮಾರ್ಚಿಗೇ ಮಾಡಬಹುದಾದದ್ದು ಒಂದಿದೆ, ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ವೇಳಾಪಟ್ಟಿ ತಿಂಗಳುಗಳ ಮೊದಲೇ ಬರುತ್ತದೆ. ಪರೀಕ್ಷಾ ಕೇಂದ್ರ ಯಾವುದೆಂದು ಊರಿಗೆ ಗೊತ್ತು. ಪರೀಕ್ಷೆಯ ಹಿಂದಿನ ಸಂಜೆ ಮತ್ತು ಪರೀಕ್ಷೆಯ ದಿನ, ಗಾಳಿ ಯಾವ ಕಡೆಯಿಂದ ಆ ಶಾಲೆಗೆ ಬೀಸುತ್ತಿದೆಯೋ ಆ ಕಡೆಯ ಹೊಲಗಳಲ್ಲಿ ರವದಿಗೆ ಬೆಂಕಿ ಹಚ್ಚುವುದು ಬೇಡ. ಮುಖ್ಯೋಪಾಧ್ಯಾಯರು ಡಂಗುರ ಸಾರಿಸಲಿ, ಪಂಚಾಯಿತಿ ಧ್ವನಿವರ್ಧಕದಲ್ಲಿ ಹೇಳಿಸಲಿ, ಮಕ್ಕಳೇ ಹೋಗಿ ತಮ್ಮ ಕಾಕಾ, ಮಾಮಾಗಳಿಗೆ ಕೇಳಿಕೊಳ್ಳಲಿ. ಗಾಳಿಯ ದಿಕ್ಕು ತಿಳಿಯಲು ಉಪಗ್ರಹ ಬೇಕಿಲ್ಲ. ಕಣದಲ್ಲಿ ನಿಂತು ಜೋಳ ತೂರಿದ ಪ್ರತಿಯೊಬ್ಬ ರೈತನಿಗೂ ಮೂಡಗಾಳಿ ಯಾವಾಗ ಬೀಸುತ್ತದೆ, ಪಡುಗಾಳಿಗೆ ಯಾವಾಗ ತಿರುಗುತ್ತದೆ ಎಂಬುದು ಕೈಯಲ್ಲಿ ಹೊಟ್ಟು ಹಿಡಿದು ಬಿಟ್ಟರೆ ಸಾಕು, ಗೊತ್ತಾಗುತ್ತದೆ.